ಕಾಲು ಚಾಚುವ ದಿಕ್ಕು

ತಾವರಗೇರಿಯ ನನ್ನ ಗಂಡನ ಮನೆಯಲ್ಲಿ ಮಕ್ಕಳು 'ಅವ್ವ' ಅನ್ನುವುದನ್ನು ಕಲಿಯುವ ಮೊದಲೇ ಕೇಳುತ್ತಿದ್ದ ಮಾತು ಒಂದು: "ಕಾಲ್ ಮಡಚು." ಪಡಸಾಲೆಯ ಮೂಡಣ ಗೋಡೆಗೆ ದೇವರ ಜಗಲಿ ಇತ್ತು, ಆ ಕಡೆ ಕಾಲು ಚಾಚುವಂತಿಲ್ಲ. ಬಡಗಣಕ್ಕೆ ಒಲೆ, ಅದೂ ದೇವರೇ. ಪಡುವಣ ಬಾಗಿಲ ಆಚೆಗೆ ನಮ್ಮ ಅರಿವೆ ಅಂಗಡಿ, ಅದರ ಗಾದಿ, ಅಳೆಯುವ ಗಜಕಡ್ಡಿ. ಅನ್ನ ಕೊಡುವ ಸಾಮಾನಿಗೆ ಪಾದ ತೋರಿಸಬಾರದು. ತೆಂಕಣ ಕಂಬಕ್ಕೆ ಬೆನ್ನು ಕೊಟ್ಟು ನಮ್ಮ ಅತ್ತೆ ಕೂಡುತ್ತಿದ್ದರು. ನಾಲ್ಕು ದಿಕ್ಕೂ ಹೀಗೆ ಭರ್ತಿಯಾದ ಮೇಲೆ ಕಾಲಿರುವ ಮನುಷ್ಯರು ಎಲ್ಲಿಗೆ ಹೋಗಬೇಕು ಎಂದು ಮದುವೆಯಾಗಿ ಬಂದ ಹೊಸದರಲ್ಲಿ ಕೇಳಿಬಿಟ್ಟಿದ್ದೆ. ನನ್ನದು ಗದಗಿನ ಕಡೆಯ ತವರು, ಅಪ್ಪ ಕನ್ನಡ ಸಾಲೆಯ ಮಾಸ್ತರ, ನನ್ನ ಬಾಯಿ ಸ್ವಲ್ಪ ಜೋರು. ಅತ್ತೆ ಬೀಸಣಿಗೆಯ ಹಿಡಿಯಿಂದ ನನ್ನ ಪಾದಕ್ಕೆ ಮೆಲ್ಲಗೆ ತಟ್ಟಿ, "ಮಡಚಿದ್ರ ಎಲ್ಲಾ ಕಡಿ ಜಾಗ ಐತಿ," ಎಂದರು.

ಆ ಬೀಸಣಿಗೆಯ ಹಿಡಿ ಮನೆಯ ಎಲ್ಲರ ಪಾದಗಳನ್ನೂ ಬಲ್ಲದು. ಅತ್ತೆ ಕೆಟ್ಟವರಲ್ಲ, ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಚಿಕ್ಕ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು, ಅಂಗಡಿಯನ್ನೂ ಒಬ್ಬನೇ ಮಗನನ್ನೂ ಉಳಿಸಿಕೊಂಡಿದ್ದರು. ದಿನಾ ಬೆಳಗ್ಗೆ ಲಿಂಗಪೂಜೆ ಮುಗಿಯದೆ ಒಂದು ಹನಿ ನೀರು ಮುಟ್ಟುತ್ತಿರಲಿಲ್ಲ. ಅವರಿಗೆ ಶಿಸ್ತು ಅಂದರೆ ಮಡಚಿದ ಕಾಲು.

ಅಂಥ ಮನೆಯಲ್ಲಿ ನನ್ನ ಮೊದಲ ಮಗಳು ಬಲಗಾಲು ಮಡಚಿಕೊಂಡೇ ಹುಟ್ಟಿದಳು.

ಕೂಸಿನ ಮೈ ತೊಳೆಯಲು ಬರುತ್ತಿದ್ದ ಮುದುಕಿ ಕೂಸನ್ನು ತನ್ನ ಚಾಚಿದ ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ಹಚ್ಚಿ, ಬಲಗಾಲನ್ನು ಎಳೆದು ನೋಡುತ್ತಿದ್ದಳು. ಅದು ಅರ್ಧಕ್ಕೆ ಬಂದು ನಿಲ್ಲುತ್ತಿತ್ತು, ಬಿಟ್ಟರೆ ಮತ್ತೆ ಮಡಚಿಕೊಳ್ಳುತ್ತಿತ್ತು. "ಕಾಲ ಭಾಳ ಬಿಗಿ ಐತ್ರಿ, ಗಟ್ಟಿ ಕೂಸು," ಎಂದು ಆಕೆ ಹೊಗಳಿದಳು. ಕೂಸು ಕೂಡಲು ಕಲಿತಾಗ ಅತ್ತೆಗೆ ಇನ್ನೂ ಖುಷಿ. ಓಣಿಯ ಬೇರೆ ಕೂಸುಗಳು ಎರಡೂ ಕಾಲು ಕವಲು ಮಾಡಿಕೊಂಡು ಕೂತರೆ ನಮ್ಮದು ಒಂದು ಕಾಲು ಅಚ್ಚುಕಟ್ಟಾಗಿ ಒಳಗೆ ಇಟ್ಟುಕೊಂಡು ಕೂಡುತ್ತಿತ್ತು. ಬಂದವರಿಗೆಲ್ಲ ತೋರಿಸುವರು. "ನೋಡ್ರಿ, ಯಾರೂ ಹೇಳಿಕೊಟ್ಟಿಲ್ಲ. ಹುಟ್ಟೂವಾಗ್ಲೇ ಕಲ್ತು ಬಂದೈತಿ." ಬಂದವರು ದೃಷ್ಟಿ ತೆಗೆಯಿರಿ ಅನ್ನುವರು. ನನಗೂ ಹೆಮ್ಮೆಯಾಗುತ್ತಿತ್ತು, ಯಾಕೆ ಸುಳ್ಳು ಹೇಳಲಿ. ಸೊಸೆಯ ಹೊಟ್ಟೆಯಿಂದ ಬಂದದ್ದನ್ನು ಅತ್ತೆ ಹೊಗಳುವುದು ದಿನಾ ಸಿಗುವ ಸುಖವಲ್ಲ.

ಮಗಳಿಗಿಂತ ಆರು ತಿಂಗಳು ಚಿಕ್ಕವನಾದ ಎದುರು ಮನೆಯ ಹುಡುಗ ಓಣಿ ತುಂಬ ಓಡಾಡತೊಡಗಿದ. ನಮ್ಮ ಕೂಸು ಕುಂಡಿಯ ಮೇಲೆ ತೆವಳುತ್ತ ಎಡಗಾಲಿನಿಂದ ನೆಲ ತಳ್ಳಿಕೊಂಡು ಹೋಗುತ್ತಿತ್ತು. ಕಂಬ ಹಿಡಿದು ಎದ್ದರೆ ಎಡಗಾಲ ಮೇಲೆ ಒಂದು ಗಳಿಗೆ ನಿಂತು, ಬಲಗಾಲು ಊರುತ್ತಲೇ ಕುಸಿದು ಬೀಳುತ್ತಿತ್ತು. ಅಳುತ್ತಿರಲಿಲ್ಲ. ಬಿದ್ದ ಮೇಲೆ ನಮ್ಮ ಮುಖ ನೋಡಿ ನಗುತ್ತಿತ್ತು.

ಒಂದು ಮಧ್ಯಾಹ್ನ ಮಗಳು ನಿದ್ದೆ ಹೋದಾಗ ಎರಡೂ ಮೊಣಕಾಲನ್ನು ಕೈಯಿಂದ ಮುಟ್ಟಿ ನೋಡಿದೆ. ಎಡಗಾಲ ಚಿಪ್ಪು ನಡುವೆ ಇತ್ತು. ಬಲಗಾಲಲ್ಲಿ ಚಿಪ್ಪಿರಬೇಕಾದ ಜಾಗದಲ್ಲಿ ಬೆರಳು ತಗ್ಗಿಗೆ ಇಳಿಯಿತು. ಚಿಪ್ಪೇ ಇಲ್ಲವೇ? ಹುಡುಕುತ್ತ ಹೋದರೆ ಹೊರಗಿನ ಪಕ್ಕದಲ್ಲಿ, ಗಜ್ಜುಗದ ಕಾಯಿಯಷ್ಟು ಗಟ್ಟಿಯಾದದ್ದೊಂದು ಸಿಕ್ಕಿತು. ನಡುವೆ ತಳ್ಳಿದೆ, ಬರಲಿಲ್ಲ. ಅಂಗಡಿಗೆ ಓಡಿ ನಮ್ಮ ಮನೆಯವರನ್ನು ಕರೆತಂದು ಅವರ ಬೆರಳು ಹಿಡಿದು ಅಲ್ಲಿ ಇರಿಸಿದೆ. ಅವರು ಎಡಗಾಲನ್ನೂ ಮುಟ್ಟಿ ನೋಡಿ, ಮತ್ತೆ ಬಲಗಾಲಿಗೇ ಬೆರಳು ತಂದರು. ಅತ್ತೆ ಮಾತ್ರ, "ಅದೇನ ದೊಡ್ಡದೈತಿ, ಎಲುಬು ಸರದೈತಿ, ಕೂಡಿಸಿಕೊಂಡು ಬಂದ್ರಾತು," ಎಂದರು.

ಎಲುಬು ಕೂಡಿಸುವವನು ಯಲಬುರ್ಗಾ ಕಡೆಯ ಒಂದು ಹಳ್ಳಿಯಲ್ಲಿದ್ದ. ಮುರಿದ ಕೈ, ಉಳುಕಿದ ಕಾಲುಗಳಿಗೆ ಸುತ್ತಲಿನ ಸೀಮೆಗೆಲ್ಲ ಅವನೇ. ತನ್ನ ಕೈಯಲ್ಲಿ ಸರಿಯಾದ ನಾಲ್ಕು ಮಂದಿಯ ಹೆಸರು ಹೇಳಿದ. ನನ್ನ ಮಗಳ ಮೊಣಕಾಲನ್ನು ಎರಡೂ ಅಂಗೈಯಲ್ಲಿ ಹಿಡಿದು ಚಿಪ್ಪನ್ನು ಒಳಕ್ಕೆ ಒತ್ತಿದ. ಒತ್ತಿದಷ್ಟು ಹೊತ್ತು ಸ್ವಲ್ಪ ಬಂದಂತೆ ಕಾಣುವುದು, ಕೈ ತೆಗೆದರೆ ಜಾರುವುದು. ಕೊನೆಗೆ ಕಾಲನ್ನು ಆದಷ್ಟು ನೆಟ್ಟಗೆ ಎಳೆದು, ಬಿದಿರು ದಬ್ಬೆ ಇಟ್ಟು, ತತ್ತಿಯ ಲೋಳೆ ಸವರಿದ ಅರಿವೆಯಿಂದ ಬಿಗಿದು ಕಟ್ಟಿದ. ಚೀರಿ ಚೀರಿ ಮಗಳ ದನಿ ಬಿದ್ದುಹೋಯಿತು. "ಹುಣ್ಣಿವಿ ತನಕ ಬಿಚ್ಚಬ್ಯಾಡ್ರಿ," ಎಂದು ಕಟ್ಟಪ್ಪಣೆ ಮಾಡಿ ಕಳಿಸಿದ.

ಹುಣ್ಣಿಮೆ ದೂರವಿತ್ತು. ಮರುದಿನ ಸಂಜೆಗೆ ಮಗಳ ಕಾಲ್ಬೆರಳು ನೇರಳೆ ಬಣ್ಣಕ್ಕೆ ತಿರುಗಿದವು. ಮುಟ್ಟಿದರೆ ತಣ್ಣಗೆ. ಮಗಳು ಅಳುವುದನ್ನೂ ಬಿಟ್ಟು ಗೋಡೆ ನೋಡುತ್ತ ಮಲಗಿದ್ದಳು. ನಾನು ಅಂಗಡಿಗೆ ಹೋಗಿ ಅರಿವೆಯ ಥಾನು ಕತ್ತರಿಸುವ ದೊಡ್ಡ ಕತ್ತರಿ ತಂದೆ. ಅತ್ತೆ ಬಾಗಿಲಲ್ಲಿ ಅಡ್ಡ ನಿಂತರು.

"ಹುಣ್ಣಿವಿ ತನಕ ಅಂತ ಹೇಳ್ಯಾನ."

"ಹುಣ್ಣಿವಿಗೆ ಕಾಲ ಇರಬೇಕಲ್ರಿ ಅತ್ತಿ."

ಅವರನ್ನು ಭುಜದಿಂದ ಸರಿಸಿಯೇ ಒಳಗೆ ಹೋದೆ. ಸೊಸೆಯಾದವಳು ಮಾಡಬಾರದ್ದು; ಮಾಡಿದೆ, ಇವತ್ತಿಗೂ ನನಗೆ ಅದರ ಬಗ್ಗೆ ಪಶ್ಚಾತ್ತಾಪವಿಲ್ಲ. ಕಟ್ಟು ಬಿಚ್ಚಿ, ಬೆರಳುಗಳನ್ನು ಅಂಗೈಯಲ್ಲಿ ಉಜ್ಜುತ್ತ ಕೂತೆ. ಬಣ್ಣ ತಿರುಗುವವರೆಗೆ ನನ್ನ ಜೀವ ಆ ಐದು ಬೆರಳಲ್ಲಿ ಇತ್ತು. ಕಾಲು ಮೆಲ್ಲಗೆ ಮತ್ತೆ ಮಡಚಿಕೊಂಡು ತನ್ನ ಹಳೆಯ ಜಾಗಕ್ಕೆ ಹೋಯಿತು.

ಅದು ಯುದ್ಧದ ಕಾಲ. ಸೀಮೆಎಣ್ಣೆ ಇಲ್ಲ, ಅರಿವೆಗೆ ಕಂಟ್ರೋಲು. ನಮ್ಮ ಮನೆಯವರು ಸರಕು ಬಿಡಿಸಿಕೊಳ್ಳಲು ಕೊಪ್ಪಳದ ರೈಲು ನಿಲ್ದಾಣಕ್ಕೆ ಹೋದಾಗ, ಅಲ್ಲಿನ ದವಾಖಾನೆಗೆ ಹೊಸದಾಗಿ ಬಂದ ಡಾಕ್ಟರ ಸಾಹೇಬರು ಕೈಕಾಲಿನ ಕೊಯ್ತದಲ್ಲಿ ಪಳಗಿದವರು ಎಂಬ ಸುದ್ದಿ ಕೇಳಿ ಬಂದರು. ಗಾಡಿ ಕಟ್ಟಿಕೊಂಡು ಹೊರಟು, ಕುಷ್ಟಗಿಯಲ್ಲಿ ಒಂದು ರಾತ್ರಿ ವಸ್ತಿ ಮಾಡಿ ಕೊಪ್ಪಳ ಸೇರಿದೆವು. ಅತ್ತೆಯೂ ಬಂದರು. ಕರೆದಿರಲಿಲ್ಲ. ಮೊಮ್ಮಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ದಾರಿಯುದ್ದಕ್ಕೂ ನನಗೆ ಬೆನ್ನು ಮಾಡಿ ಕೂತಿದ್ದರು.

ಸಾಹೇಬರು ರಾಯಚೂರು ಕಡೆಯ ಮುಸಲ್ಮಾನರು, ಹೈದರಾಬಾದಿನಲ್ಲಿ ಕಲಿತವರು. ನಮ್ಮಂತೆಯೇ ಕನ್ನಡ ಮಾತಾಡುತ್ತಿದ್ದರು. ಮಗಳನ್ನು ಮೇಜಿನ ಮೇಲೆ ಕೂಡಿಸಿ, "ಬೇಟಾ, ಕಾಲ ಚಾಚು ನೋಡೂಣು," ಎಂದರು. ಮಗಳು ಅಜ್ಜಿಯ ಮುಖ ನೋಡಿದಳು. ಅಜ್ಜಿಯನ್ನು ಅವಳು ಆಯಿ ಅನ್ನುತ್ತಿದ್ದಳು. ಆಯಿಯೇ ಉತ್ತರ ಕೊಟ್ಟರು.

"ನಮ್ಮ ಮನಿ ಹೆಣ್ಣುಮಕ್ಕಳು ಹಿರೇರ ಮುಂದ ಕಾಲ ಚಾಚಂಗಿಲ್ರಿ ಸಾಹೇಬ್ರ."

ಸಾಹೇಬರು ಅವರನ್ನೇ ನೋಡಿದರು. "ಚಾಚಂಗಿಲ್ಲೋ ಅವ್ವಾರ, ಚಾಚಾಕ ಬರಂಗಿಲ್ಲೋ?"

ಮೂರು ವರ್ಷ ಹತ್ತಿರ ಬಂದ ಮಗಳ ಬಗ್ಗೆ ಇಷ್ಟು ಸರಳವಾದ ಪ್ರಶ್ನೆಯನ್ನು ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ.

ಸಾಹೇಬರು ಮೊಣಕಾಲನ್ನು ಮೆಲ್ಲಗೆ ಬಾಗಿಸಿ, ಎಳೆದು, ಚಿಪ್ಪನ್ನು ಬೆರಳಲ್ಲಿ ಹಿಡಿದು ನೋಡಿ ನಮಗೆ ತಿಳಿಯುವಂತೆ ಹೇಳಿದರು. ಬಾವಿಯ ಗಡಗಡಿಯ ಮೇಲೆ ಹಗ್ಗ ಇರುವಂತೆ, ತೊಡೆಯ ಸ್ನಾಯು ಮೊಣಕಾಲ ಮೇಲೆ ಹಾದು ಕೆಳಗಿನ ಎಲುಬನ್ನು ಹಿಡಿದಿರುತ್ತದೆ. ಚಿಪ್ಪು ಆ ಹಗ್ಗದ ನಡುವೆ ಇರುತ್ತದೆ. ಈ ಕೂಸಿಗೆ ಹೊಟ್ಟೆಯಲ್ಲಿದ್ದಾಗಲೇ ಹಗ್ಗ ಗಡಗಡಿ ಬಿಟ್ಟು ಹೊರಪಕ್ಕಕ್ಕೆ ಜಾರಿದೆ. ಜಗ್ಗಿದಷ್ಟೂ ಕಾಲು ನೆಟ್ಟಗಾಗುವ ಬದಲು ಇನ್ನಷ್ಟು ಮಡಚಿಕೊಳ್ಳುತ್ತದೆ. ಕಟ್ಟಿದರೆ, ತಿಕ್ಕಿದರೆ ಬರುವುದಲ್ಲ. ಹೊರಗಿನ ಬಿಗಿಯನ್ನು ಕೊಯ್ದು ಸಡಿಲ ಮಾಡಿ, ಚಿಪ್ಪನ್ನು ನಡುವೆ ತಂದು, ಒಳಪಕ್ಕದಲ್ಲಿ ಹೊಲಿದು ಬಿಗಿ ಮಾಡಬೇಕು. ಆಮೇಲೆ ಒಂದೂವರೆ ತಿಂಗಳು ಪ್ಲಾಸ್ಟರು.

"ದೊಡ್ಡವರಿಗೆ ಮಾಡೇನಿ," ಎಂದರು. "ಇಷ್ಟು ಸಣ್ಣ ಕೂಸಿಗೆ ನಮ್ಮ ಗುರುಗಳು ಮಾಡೂದನ್ನ ಬಾಜೂಕ ನಿಂತು ನೋಡೇನಿ. ನಾನ ಸ್ವತಃ ಮಾಡಿಲ್ಲ. ಬಿಟ್ರ ಮುಂದ ಎಲುಬ ಸೊಟ್ಟ ಬೆಳೀತಾವ, ಆಗ ಯಾರ ಕೈಲೂ ಆಗಂಗಿಲ್ಲ. ಮಾಡಿದ್ರ, ಕೀವು ಆಗಬಹುದು. ಕ್ಲೋರೋಫಾರ್ಮ್ ಕೂಸಿಗೆ ತಡೀದಿರಬಹುದು. ಎಲ್ಲಾ ಛಲೋ ಆದ್ರೂ ಕಾಲ ನೆಟ್ಟಗಾಗಿ ಒನಕಿ ಹಂಗ ನಿಂತುಬಿಡಬಹುದು, ಮಡಚಾಕ ಬರದಿರಬಹುದು."

ಸಾವಿನ ಮಾತು ಬಂದಾಗಲೂ ಸುಮ್ಮನಿದ್ದ ಅತ್ತೆ ಈ ಕೊನೆಯ ಮಾತಿಗೆ ಎದ್ದು ನಿಂತರು.

"ಮಡಚಾಕ ಬರದ ಕಾಲ ತಗೊಂಡು ಹೆಣ್ಣು ಏನ ಮಾಡಬೇಕ್ರಿ? ಒಲಿ ಮುಂದ ಹೆಂಗ ಕೂಡಬೇಕು? ಬೀಸೋಕಲ್ಲಿಗೆ ಹೆಂಗ ಕೂಡಬೇಕು? ಪೂಜಿಗೆ, ಊಟಕ್ಕ, ನಾಳೆ ಹಸಿಮಣಿ ಮ್ಯಾಲ? ಈಗ ಕೂಸು ನಡ್ಯಂಗಿಲ್ಲ, ಖರೆ. ಆದ್ರ ಛಂದಾಗಿ ಕೂಡತೈತಿ. ಹೆಣ್ಣಿಗೆ ಕೂಡಾಕ ಬಂದ್ರ ಅರ್ಧ ಬದುಕು ಆತು."

ಅವರ ಲೆಕ್ಕ ಸುಳ್ಳಲ್ಲ, ಅದೇ ನನ್ನನ್ನು ಕೊರೆಯಿತು. ನಮ್ಮ ಬದುಕೆಲ್ಲ ನೆಲದ ಮೇಲೆ. ಕುರ್ಚಿ ಅನ್ನುವುದು ನಾನು ತಾವರಗೇರಿಯಲ್ಲಿ ಕಂಡದ್ದು ಒಂದೇ, ಅದೂ ಕಂದಾಯದ ಗಿರ್ದಾವರ ಸಾಹೇಬರು ಬಂದಾಗ ಹೊರಗೆ ಬರುತ್ತಿದ್ದದ್ದು. ಕೂಡಲು ಬರುವ ಕುಂಟಿ, ಇಲ್ಲವೇ ನಡೆಯಲು ಬಂದು ಕೂಡಲಾಗದ ಹೆಣ್ಣು. ಎರಡರಲ್ಲಿ ಒಂದು. ನಮ್ಮ ಮನೆಯವರು ತಾಯಿಯ ಮುಖ ನೋಡಿದರು, ಮಗಳ ಮುಖ ನೋಡಿದರು, ಕೊನೆಗೆ ನನ್ನ ಕಡೆ ತಿರುಗಿ, "ನೀನ ಹೇಳು," ಎಂದರು. ಜೀವನದಲ್ಲಿ ಮೊದಲ ಸಲ ನನ್ನನ್ನು ಕೇಳಿದ್ದು, ಕೇಳಿದ್ದು ಅದನ್ನೇ.

"ಮಾಡ್ರಿ ಸಾಹೇಬ್ರ," ಎಂದೆ. "ಆಕಿ ಮದ್ಲ ನಡೀಲಿ. ಕೂಡೂದು ಆಮ್ಯಾಲ ನೋಡೂಣು."

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಹೋದರು.

ಬಿಸಿಲು ಚೆನ್ನಾಗಿ ಬಿದ್ದ ಬೆಳಗು ನೋಡಿ ಕೊಯ್ತ ಇಟ್ಟುಕೊಂಡರು. ಆ ಕೋಣೆಗೆ ದೊಡ್ಡ ಕಿಟಕಿ ಇತ್ತು, ಆ ಬೆಳಕಿನಲ್ಲೇ ಕೆಲಸ. ನರ್ಸಬಾಯಿ ಮಗಳನ್ನು ನನ್ನ ಕೈಯಿಂದ ಎತ್ತಿಕೊಂಡಳು. ಮಗಳಿಗೆ ಏನೋ ತಪ್ಪು ಮಾಡಿದ್ದಕ್ಕೆ ಒಯ್ಯುತ್ತಿದ್ದಾರೆ ಅನಿಸಿರಬೇಕು. ನರ್ಸಬಾಯಿಯ ಹೆಗಲ ಮೇಲಿಂದ ನಮ್ಮ ಕಡೆ ಕೈ ಚಾಚಿ ಕೂಗಿತು: "ಅವ್ವಾ, ನಾ ಚಾಚಿಲ್ಲ! ಆಯಿ, ಕಾಲ್ ಮಡಚೇನಿ ನೋಡು!"

ಬಾಗಿಲು ಹಾಕಿದರು. ಆ ಮಾತು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ.

ಹೊರಗಿನ ಪಡಸಾಲೆಯಲ್ಲಿ ಅತ್ತೆ ಒಂದು ಕಡೆ, ನಾನು ಒಂದು ಕಡೆ ಕೂತೆವು. ನಮ್ಮ ಮನೆಯವರು ಬೇವಿನ ಮರದ ಕೆಳಗೆ ಅತ್ತಿಂದಿತ್ತ ತಿರುಗುತ್ತಿದ್ದರು. ಬಾಗಿಲ ಸಂದಿಯಿಂದ ಸಿಹಿ ವಾಸನೆ ಬಂತು, ಅದರ ಹಿಂದೆ ಮಗಳ ಅಳು ತೊದಲಿ, ಸಣ್ಣದಾಗಿ, ನಿಂತುಹೋಯಿತು. ಅಳು ನಿಂತರೆ ತಾಯಿಗೆ ಸಮಾಧಾನವಾಗಬೇಕು. ನಾನು ಅದು ಮತ್ತೆ ಅಳಲಿ ಎಂದು ಬಾಗಿಲ ಕಡೆ ಕಿವಿ ಕೊಟ್ಟು ಕೂತೆ. ಅತ್ತೆಯ ತುಟಿ ಅಲುಗುತ್ತಿತ್ತು, ಕೊರಳಲ್ಲಿನ ಲಿಂಗವನ್ನು ಸೆರಗಿನ ಒಳಗೇ ಮುಷ್ಟಿಯಲ್ಲಿ ಹಿಡಿದಿದ್ದರು.

ಎಷ್ಟು ಹೊತ್ತಾಯಿತೋ, ಅಂಗಳದ ಬಿಸಿಲು ಮಂಕಾಯಿತು. ತಲೆ ಎತ್ತಿದರೆ ಮೋಡ. ಒಳಗಿನಿಂದ ಸಾಹೇಬರ ದನಿ ಏರಿತು: "ಬೆಳಕ! ಬಾಗಲಾ ತೆಗೀರಿ, ಎಲ್ಲಾ ತೆಗೀರಿ!" ಕಂಪೌಂಡರು ಎರಡೂ ಕದ ತೆರೆದ. ದೀಪ ಹಚ್ಚುವಂತಿರಲಿಲ್ಲ, ಆ ಔಷಧಿಯ ಹತ್ತಿರ ಬೆಂಕಿ ತರಬಾರದಂತೆ. ತೆರೆದ ಬಾಗಿಲಲ್ಲಿ ಸಾಹೇಬರ ಬಾಗಿದ ಬೆನ್ನು ಕಂಡಿತು, ಬಿಳಿ ಬಟ್ಟೆಗಳ ರಾಶಿ ಕಂಡಿತು, ಆ ರಾಶಿಯ ತುದಿಯಲ್ಲಿ ಒಂದು ಪುಟ್ಟ ಪಾದ. ನೆಟ್ಟಗೆ ಚಾಚಿದ ಕಾಲಿನ ಪಾದ. ಹುಟ್ಟಿದಾಗಿನಿಂದ ನಾನು ನೋಡಿರದ ರೀತಿಯಲ್ಲಿ, ಅಂಗಾಲು ಸೀದಾ ನಮ್ಮ ಕಡೆಗೆ.

ಅತ್ತೆಯೂ ನೋಡಿದರು. ಅಭ್ಯಾಸ ಎಂಥ ಗಟ್ಟಿ ಎಂದರೆ, ಆ ಹೊತ್ತಿನಲ್ಲೂ ಅವರು ಎದ್ದು, ಪಾದದ ಎದುರಿನಿಂದ ಸರಿದು ನನ್ನ ಪಕ್ಕಕ್ಕೆ ಬಂದು ಕೂತರು. "ಕಾಲ ಈಕಡಿ ಐತಿ," ಎಂದು ತಮ್ಮಷ್ಟಕ್ಕೆ ಗೊಣಗಿಕೊಂಡರು. ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಪಕ್ಕಕ್ಕೆ ಬಂದವರ ಮೈ ಗಡಗಡ ನಡುಗುತ್ತಿತ್ತು, ಅದು ನನ್ನ ತೋಳಿಗೆ ತಿಳಿಯುತ್ತಿತ್ತು. ಸಿಟ್ಟನ್ನು ನುಂಗಿಕೊಂಡೆ.

ಮೋಡ ಸರಿಯಿತು. ಹೊಲಿಗೆ ಮುಗಿಯಿತು. ತೊಡೆಯ ಸಂದಿನಿಂದ ಬೆರಳ ಬುಡದವರೆಗೆ ಸುಣ್ಣದಂಥ ಬಿಳಿ ಪ್ಲಾಸ್ಟರು ಸುತ್ತಿ ಮಗಳನ್ನು ಹೊರಗೆ ತಂದರು. ಎಚ್ಚರಾದಾಗ ವಾಂತಿ ಮಾಡಿಕೊಂಡಿತು, ನೀರು ಕೇಳಿತು. ನಾನು ಮೊದಲು ನೋಡಿದ್ದು ಕಾಲ್ಬೆರಳು. ಕೆಂಪಗಿದ್ದವು, ಬೆಚ್ಚಗಿದ್ದವು.

ನಿಜವಾದ ಹೆದರಿಕೆ ಆಮೇಲೆ ಶುರುವಾಯಿತು. ಎರಡು ದಿನ ಕಳೆದ ಮೇಲೆ ಮೈ ಕಾವೇರಿತು. ಗಾಯ ಪ್ಲಾಸ್ಟರಿನ ಒಳಗೆ, ಕಣ್ಣಿಗೆ ಕಾಣುವಂತಿಲ್ಲ. ಸಾಹೇಬರು ಬೆಳಗ್ಗೆ ಸಂಜೆ ಬಂದು, ಮಂಡಿಯೂರಿ ಕೂತು, ಪ್ಲಾಸ್ಟರಿಗೆ ಮೂಗು ಹಚ್ಚಿ ಮೂಸಿ ನೋಡುತ್ತಿದ್ದರು. ಕೀವಾಗಿದ್ದರೆ ವಾಸನೆ ಮೊದಲು ಹೇಳುತ್ತದಂತೆ. ಅವರು ಹೋದ ಮೇಲೆ ನಾನೂ ಮೂಸುತ್ತಿದ್ದೆ. ಒಂದು ಸಲ ನೀರು ತರಲು ಹೋದವಳು ಬಾಗಿಲಲ್ಲಿ ತಿರುಗಿ ನೋಡಿದರೆ ಅತ್ತೆಯೂ ಬಾಗಿ ಮೂಸುತ್ತಿದ್ದರು. ನನ್ನನ್ನು ಕಂಡು ಹಾಸಿಗೆ ಸರಿಮಾಡುವವರಂತೆ ನಟಿಸಿದರು. ಜ್ವರ ಇಳಿಯದಿದ್ದಾಗ ಸಾಹೇಬರು ಪ್ಲಾಸ್ಟರಿನಲ್ಲಿ ಚೌಕಾಕಾರದ ಕಿಂಡಿ ಕೊರೆದು ನೋಡಿದರು. ಒಂದು ಹೊಲಿಗೆಯ ಬಾಯಿ ಒದ್ದೆಯಾಗಿತ್ತು. ಬಿಳಿ ಪುಡಿ ಉದುರಿಸಿ, ನುಂಗಲು ಗುಳಿಗೆ ಕೊಟ್ಟು, "ಇನ್ನ ಆಕಿ ಗಟ್ಟಿತನ," ಎಂದರು. ಗಟ್ಟಿ ಕೂಸು ಎಂದು ಆ ಮೈ ತೊಳೆಯುವ ಮುದುಕಿ ಹೇಳಿದ್ದು ಒಂದಕ್ಕಾದರೂ ನಿಜವಾಯಿತು. ಜ್ವರ ಬಿಟ್ಟಿತು.

ಊರಿಗೆ ಬಂದೆವು. ಮಗಳ ಕಾಲು ಈಗ ಮಡಚಬೇಕೆಂದರೂ ಮಡಚದು; ಪ್ಲಾಸ್ಟರಿನಲ್ಲಿ ಕೋಲಿನಂತೆ ಮುಂದಕ್ಕೆ ಚಾಚಿಕೊಂಡಿತ್ತು. ಪಡಸಾಲೆಯಲ್ಲಿ ಎಲ್ಲಿ ಮಲಗಿಸಿದರೂ ಆ ಪಾದ ಯಾವುದಾದರೊಂದು ದೇವರನ್ನು ತೋರಿಸುತ್ತಿತ್ತು. ಮೂಡಣ, ಬಡಗಣ, ಪಡುವಣ ಎಂದು ಹಾಸಿಗೆಯನ್ನು ತಿರುಗಿಸಿ ತಿರುಗಿಸಿ ಸಾಕಾಯಿತು. ಅತ್ತೆ ಕೊನೆಗೆ, "ಹೊರಗಿನ ಕಟ್ಟಿಗೆ ಹಾಸೂಣು, ಓಣಿ ಕಡಿ ಕಾಲ ಮಾಡಿ ಮಲಗಲಿ," ಎಂದರು. ನನ್ನ ತಾಳ್ಮೆಗೂ ಒಂದು ಮಿತಿ ಇದೆ. ಟ್ರಂಕಿನಿಂದ ನನ್ನ ಹಳೆಯ ಇಳಕಲ್ ಸೀರೆ ತೆಗೆದು, ಜಗಲಿಯ ಮುಂದೆ ಈ ಗೂಟದಿಂದ ಆ ಗೂಟಕ್ಕೆ ಪರದೆ ಕಟ್ಟಿದೆ.

"ಇನ್ನ ದೇವರಿಗೆ ಆಕಿ ಕಾಲ ಕಾಣಂಗಿಲ್ಲ ಬಿಡ್ರಿ," ಎಂದೆ.

ಅತ್ತೆ ಪೂಜೆಯ ಹೊತ್ತಿಗೆ ಪರದೆಯ ಒಳಗೆ ಹೋಗುವರು, ಮುಗಿಸಿ ಹೊರಗೆ ಬರುವರು. ನಮ್ಮಿಬ್ಬರ ಮಾತುಕತೆ ಉಪ್ಪು, ಮೆಣಸಿನಕಾಯಿಗೆ ಇಳಿಯಿತು.

ಪ್ಲಾಸ್ಟರು ಒಡೆಯಲು ಮತ್ತೆ ಕೊಪ್ಪಳ. ಒಳಗಿನಿಂದ ಹೊರಬಂದ ಕಾಲು ಸೊರಗಿ, ಬಿಳಿಚಿ, ಬೇರೆ ಯಾರದೋ ಎಂಬಂತಿತ್ತು. ಚಿಪ್ಪು ಮಾತ್ರ ನಡುವೆ ಇತ್ತು. ಸಾಹೇಬರು ನನ್ನ ಬೆರಳನ್ನು ತಾವೇ ಹಿಡಿದು ಅದರ ಮೇಲೆ ಇರಿಸಿದರು. ಕಾಲು ಒನಕೆಯಂತೆ ನೆಟ್ಟಗಿತ್ತು, ಮಡಚುತ್ತಿರಲಿಲ್ಲ. ಅತ್ತೆ ನನ್ನ ಮುಖ ನೋಡಿದರು. ನಾನು ನೋಡಲಿಲ್ಲ.

"ಬಿಸಿ ಎಣ್ಣಿ ಹಚ್ಚಿ ಮೆಲ್ಲಕ ಬಗ್ಗಸ್ರಿ, ಜುಲುಮಿ ಮಾಡಬ್ಯಾಡ್ರಿ," ಎಂದರು ಸಾಹೇಬರು. "ಬಗ್ಗೂದು ಬರತೈತಿ. ನನಗ ಅದರ ಚಿಂತಿ ಇಲ್ಲ. ಬಗ್ಗಿದ್ದನ್ನ ಆಕಿ ತಾನಾಗೇ ಚಾಚಬೇಕು. ನೀವು ಹಿಡಿದು ಎಳೆಯೂದಲ್ಲ, ಆಕಿ ಚಾಚಬೇಕು. ತೊಡಿ ನರ ಹುಟ್ಟಿದಾಗಿಂದ ಆ ಕೆಲಸಾನ ಮಾಡಿಲ್ಲ. ದಿನಾ ಒದೀಬೇಕು ಆಕಿ. ಒದೀಲಿಲ್ಲ ಅಂದ್ರ ಹಗ್ಗ ಮತ್ತ ಜಾರತೈತಿ. ಅಮಾಸಿ ಕಳದ ಮ್ಯಾಲ ಕರಕೊಂಡು ಬರ್ರಿ. ಜಾರಿದ್ರ ಎರಡನೇ ಸಲ ಕೊಯ್ಯಾಕ ನನ್ನ ಕೈ ಏಳಂಗಿಲ್ಲ, ಈಗ ಹೇಳಿರತೀನಿ."

ಎಣ್ಣೆಗೆ ಕಾಲು ದಿನದಿನಕ್ಕೆ ಸ್ವಲ್ಪ ಸ್ವಲ್ಪ ಬಗ್ಗತೊಡಗಿತು. ಒಂದು ವಾರದಲ್ಲಿ ಅರ್ಧದಷ್ಟು ಮಡಚಿತು. ಅತ್ತೆಯ ಮುಖದಲ್ಲಿ ಕಳೆ ಬಂತು. ನನ್ನ ಮುಖದ ಕಳೆ ಹೋಯಿತು. ಯಾಕೆಂದರೆ ಮಡಚಿದ ಕಾಲನ್ನು ಮಗಳು ಚಾಚುತ್ತಿರಲಿಲ್ಲ. ಕಾಲಿಗೆ ಗೆಜ್ಜೆ ಕಟ್ಟಿದೆ, ಅಲ್ಲಾಡಿಸಲಿ ಎಂದು. ಬೆಲ್ಲದ ತುಂಡನ್ನು ಪಾದದ ಆಚೆ ಇಟ್ಟು, ಒದ್ದು ಬೀಳಿಸಿದರೆ ನಿನಗೇ ಎಂದೆ. ನಮ್ಮ ಮನೆಯವರು ಅರಿವೆಯ ಚೆಂಡು ಹೊಲಿದು ತಂದರು. ಮಗಳು ಎಲ್ಲವನ್ನೂ ನೋಡುವುದು, ತೆಂಕಣ ಕಂಬದ ಕಡೆ ನೋಡುವುದು, ಕಾಲನ್ನು ಇನ್ನಷ್ಟು ಒಳಗೆ ಎಳೆದುಕೊಳ್ಳುವುದು.

"ಚಾಚವ್ವಾ, ನನ್ನ ಬಂಗಾರ."

"ಆಯಿ ಬೈತಾಳ."

ದಿನಗಳು ಹೋಗುತ್ತಿದ್ದವು, ಚಂದ್ರ ಕರಗುತ್ತಿದ್ದ. ಪ್ರತಿದಿನ ಬೆಳಗ್ಗೆ ಎದ್ದ ಕೂಡಲೇ ಚಿಪ್ಪು ಮುಟ್ಟಿ ನೋಡುತ್ತಿದ್ದೆ. ಒಂದು ಬೆಳಗ್ಗೆ ಅದು ನೂಲಿನಷ್ಟು ಹೊರಕ್ಕೆ ಸರಿದಂತೆ ಅನಿಸಿತು. ಅನಿಸಿಕೆಯೋ ನಿಜವೋ ಇವತ್ತಿಗೂ ಹೇಳಲಾರೆ. ಹೆದರಿಕೆಯಿಂದ ತಲೆ ಕೆಟ್ಟು ಅತ್ತೆಯ ಎದುರು ಹೋಗಿ ನಿಂತೆ. ಅವರು ವಿಭೂತಿ ಹಚ್ಚಿಕೊಳ್ಳುತ್ತಿದ್ದರು.

"ಅತ್ತಿ, ನಾ ಸೋತೇನ್ರಿ," ಎಂದೆ. "ಸಾಹೇಬ್ರು ಆಕಿ ಕಾಲ ಕೊಯ್ದು ಬಿಗಿ ಬಿಡಿಸ್ಯಾರ. ನಿಮ್ಮ ಮಾತಿನ ಬಿಗಿ ಬಿಡಸಾಕ ಅವರ ಕೈಲೆ ಆಗಂಗಿಲ್ಲ, ನನ್ನ ಕೈಲೂ ಆಗವಲ್ದು. ಈ ಮನ್ಯಾಗ ಕಾಲ ಚಾಚು ಅಂತ ಹೇಳೂ ಅಧಿಕಾರ ನಿಮಗ ಒಬ್ಬರಿಗೇ ಐತಿ."

ಹೇಳುತ್ತ ಅತ್ತುಬಿಟ್ಟೆ. ಅವರ ಮುಂದೆ ನಾನು ಅತ್ತದ್ದು ಅದೇ ಮೊದಲು. ಅವರು ನನ್ನನ್ನು ಒಮ್ಮೆ ನೋಡಿ, ವಿಭೂತಿಯ ಬಟ್ಟಲು ಹಿಡಿದು ಪರದೆಯ ಒಳಗೆ ಹೋದರು. ಪೂಜೆ ಅವತ್ತು ಬಹಳ ಹೊತ್ತು ನಡೆಯಿತು.

ಹೊರಗೆ ಬಂದವರು ತಮ್ಮ ಕಂಬದ ಬಳಿ ಹೋಗಲಿಲ್ಲ. ಮಡಿಯ ಒದ್ದೆ ಸೆರಗಿನಲ್ಲೇ ಮೊಮ್ಮಗಳ ಎದುರು, ಪಾದಕ್ಕೆ ಎಟಕುವಷ್ಟು ಹತ್ತಿರ, ಚಕ್ಕಂಬಕ್ಕಳ ಹಾಕಿ ಕೂತರು. ಹಣೆಯ ವಿಭೂತಿ ಇನ್ನೂ ಹಸಿ ಇತ್ತು.

"ಒದಿ," ಎಂದರು.

ಮಗಳು ಕಣ್ಣರಳಿಸಿ ನೋಡಿದಳು.

"ನನಗ ಒದಿ. ಆಯಿಗೆ ಒದಿ. ಒದಿ ಅಂದ್ರ ಒದೀಬೇಕು."

ನಾನು ಪಕ್ಕದಲ್ಲಿ ಕೂತು ಮಗಳ ಚಿಪ್ಪಿನ ಮೇಲೆ ಎರಡು ಬೆರಳು ಇಟ್ಟೆ. ಜಾರುವುದಾದರೆ ಈಗ ಜಾರಬೇಕು. ಮಗಳ ತುಟಿ ಬಿರಿಯಿತು, ಅಳುವ ಹಾಗಾಯಿತು. ತೊಡೆಯಲ್ಲಿ ಏನೋ ಮಿಸುಕಿ ನಿಂತಿತು. ಅತ್ತೆ ಎರಡೂ ಅಂಗೈಯನ್ನು ಬೊಗಸೆ ಮಾಡಿ ಮುಂದೆ ಹಿಡಿದರು. ಮತ್ತೆ ಮಿಸುಕಿತು. ನನ್ನ ಬೆರಳ ಕೆಳಗೆ ಚಿಪ್ಪು ಸರಿಯಿತು. ಪಕ್ಕಕ್ಕಲ್ಲ, ಮೇಲಕ್ಕೆ. ಕಾಲು ನಡುಗುತ್ತ, ಇಷ್ಟಿಷ್ಟೇ ಚಾಚಿಕೊಂಡು, ಗೆಜ್ಜೆಯ ಒಂದು ಕಾಳು ಸದ್ದು ಮಾಡಿ, ಪಾದ ಹೋಗಿ ಆಯಿಯ ಅಂಗೈಗೆ ತಾಗಿತು.

ಕಾಲು ತಾಗಿದರೆ ಮುಟ್ಟಿ ನಮಸ್ಕಾರ ಮಾಡಬೇಕು. ಅದನ್ನೂ ಆ ಮನೆಯೇ ಕಲಿಸಿತ್ತು. ಮಗಳು ಗಾಬರಿಯಿಂದ ಬಾಗಿ ಆಯಿಯ ಕೈ ಮುಟ್ಟಿ ತನ್ನ ಕಣ್ಣಿಗೆ ಒತ್ತಿಕೊಳ್ಳಲು ಹೋದಳು. ಅತ್ತೆ ಆ ಪುಟ್ಟ ಕೈಯನ್ನು ಅರ್ಧದಲ್ಲೇ ಹಿಡಿದರು.

"ನಮಸ್ಕಾರ ಬ್ಯಾಡ," ಎಂದರು. "ಇನ್ನೊಮ್ಮಿ ಒದಿ."

ಅವತ್ತಿನಿಂದ ಅದು ಪೂಜೆಯ ಭಾಗವೇ ಆಯಿತು. ವಿಭೂತಿ, ಪತ್ರಿ, ಆಮೇಲೆ ಮೊಮ್ಮಗಳ ಒದೆ. ಮೊದಲು ಅಂಗೈಗೆ, ಆಮೇಲೆ ಜೋರಾದ ಹಾಗೆ ತೊಡೆಗೆ, ಹೊಟ್ಟೆಗೆ. ಅಮಾವಾಸ್ಯೆ ಕಳೆದ ಮೇಲೆ ಕೊಪ್ಪಳಕ್ಕೆ ಹೋದಾಗ ಸಾಹೇಬರು ಮಗಳನ್ನು ಮೇಜಿನ ಮೇಲೆ ಕೂಡಿಸಿದರು. ಕಾಲು ಚಾಚು ಎನ್ನುವ ಮೊದಲೇ ಅವರ ಅಂಗಿಯ ಗುಂಡಿಗೆ ಒಂದು ಒದೆ ಬಿತ್ತು. ಅವರು ಎಷ್ಟು ನಕ್ಕರೆಂದರೆ ಕಂಪೌಂಡರು ಒಳಗೆ ಬಂದು ನೋಡಿದ. ಜೋಳದ ಸುಗ್ಗಿಯ ಹೊತ್ತಿಗೆ ಮಗಳು ಕಂಬ ಬಿಟ್ಟು ನಿಂತಳು, ಸುಗ್ಗಿ ಮುಗಿಯುವ ಮೊದಲು ಹೊಸ್ತಿಲು ದಾಟಿದಳು. ಕಾಲು ಪೂರ್ತಿ ಮಡಚುವುದು ಮಾತ್ರ ಬರಲೇ ಇಲ್ಲ. ಅರ್ಧ ಮಡಚುತ್ತಿತ್ತು, ಊಟಕ್ಕೆ ಕೂತರೆ ಬಲಗಾಲು ಮುಂದೆ ಚಾಚಿಕೊಂಡೇ ಇರುತ್ತಿತ್ತು. ಹೆದರಿದ್ದರಲ್ಲಿ ಅಷ್ಟು ಉಳಿಯಿತು.

ಆ ವರ್ಷ ಗಂಗಾವತಿಯಿಂದ ಅತ್ತೆಯ ಅಣ್ಣ ಬಂದರು. ಊರ ಹಿರಿಯರು, ಅತ್ತೆ ಅವರ ಎದುರು ತಲೆ ಎತ್ತಿ ಮಾತಾಡಿದ್ದನ್ನು ನಾನು ಕಂಡಿಲ್ಲ. ಪಡಸಾಲೆಯಲ್ಲಿ ಎಲೆ ಹಾಕಿ ಎಲ್ಲರನ್ನೂ ಊಟಕ್ಕೆ ಕೂಡಿಸಿದ್ದೆವು, ನಾನು ಬಡಿಸುತ್ತಿದ್ದೆ. ಮಗಳು ಅವರ ಎದುರು ಸಾಲಿನಲ್ಲಿ, ಬಲಗಾಲು ಚಾಚಿ, ಪಾದ ಸೀದಾ ಅವರ ಎಲೆಯ ಕಡೆ. ಅವರು ತುತ್ತು ನಿಲ್ಲಿಸಿ, ಹಿರಿಯರು ಹೇಳುವ ಹಾಗೆ ಹೇಳಿದರು: "ಏ ಹುಡುಗಿ, ಕಾಲ್ ಮಡಚು."

ಮಗಳ ಕೈ ಎಲೆಯ ಮೇಲೆ ನಿಂತಿತು. ಬೀಸಣಿಗೆ ಬೀಸುತ್ತ ಕೂತಿದ್ದ ಅತ್ತೆಯ ಕೈಯೂ ನಿಂತಿತು. ನಾನು ಸಾರಿನ ಪಾತ್ರೆ ಹಿಡಿದು ನಿಂತಲ್ಲೇ ನಿಂತೆ. ಅತ್ತೆ ಬೀಸಣಿಗೆಯನ್ನು ತಿರುಗಿಸಿ ಹಿಡಿದರು. ಅದರ ಹಿಡಿ ಮುಂದೆ ಹೋಯಿತು, ಮೊಮ್ಮಗಳ ಪಾದವನ್ನು ದಾಟಿ, ಅಣ್ಣನ ಎಲೆಯ ಅಂಚಿಗೆ ಹೋಗಿ ನೆಲವನ್ನು ಮೆಲ್ಲಗೆ ತಟ್ಟಿತು.

"ಆಕಿ ಚಾಚಲಿ ಅಣ್ಣಾ," ಎಂದರು. "ನೀನ ಸ್ವಲ್ಪ ಈಕಡಿ ಸರದು ಕೂಡು."

ಅಣ್ಣ ಎಲೆ ಹಿಡಿದುಕೊಂಡು ಸರಿದು ಕೂತರು.